ಪರದೇಶದಲ್ಲಿ ಮುಚ್ಚಿಹೋದ ಕಿವಿ

ನಮ್ಮ ದೇಹದಲ್ಲಿ ನಮಗೇ ಸರಿಯಾಗಿ ಪರಿಚಯವಿಲ್ಲದ ಅಂಗವೆಂದರೆ ಕಿವಿ ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಮೂಗು ಎರಡು ಕಣ್ಣುಗಳ ನಡುವೆ ಸದಾ ಮಸುಕಾಗಿ ಕಾಣುತ್ತಲೇ ಇರುತ್ತದೆ. ಕೈಕಾಲುಗಳಂತೂ ದಿನವಿಡೀ ಕಣ್ಣೆದುರೇ ಓಡಾಡಿಕೊಂಡಿರುತ್ತವೆ. ಕಿವಿ ಮಾತ್ರ ನಮ್ಮದಾಗಿದ್ದೂ ಊರವರ ನೋಟಕ್ಕೆ ಸೇರಿದ್ದು. ಕನ್ನಡಿಯಲ್ಲಿ ನೋಡೋಣವೆಂದು ಮುಖ ತಿರುಗಿಸಿದರೆ ಕಣ್ಣೂ ಅದರ ಜೊತೆಗೇ ತಿರುಗಿ ಹೋಗಿಬಿಡುತ್ತದೆ. ನಲವತ್ತನಾಲ್ಕನೆಯ ವಯಸ್ಸಿನವರೆಗೆ ನಾನು ಅವನ್ನು ಓಲೆ ತೂಗುಹಾಕುವ ಗೂಟಗಳೆಂದಷ್ಟೇ ತಿಳಿದಿದ್ದೆ. ಆ ಕಿವಿಗಳು ಸಮುದ್ರ ದಾಟಿ, ರಿಪೇರಿಯಾಗಿ ಬಂದು, ಆ ರಿಪೇರಿಯನ್ನು ಮತ್ತೆ ರಿಪೇರಿ ಮಾಡಿಸಲು ಶಿಕಾರಿಪುರದಿಂದ ಸೊರಬದ ಬಸ್ಸು ಹತ್ತಿದ ಕಥೆಯನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಲು ಆಗಿಲ್ಲ. ಅರ್ಧ ಹೇಳುವಷ್ಟರಲ್ಲಿ ಕೇಳುವವರು ನನ್ನ ಕಿವಿಯನ್ನೇ ನೋಡತೊಡಗುತ್ತಾರೆ, ನನಗೆ ಮುಂದಿನ ಮಾತು ಮರೆತುಹೋಗುತ್ತದೆ. ಬರೆಯುವಾಗ ಆ ತೊಂದರೆ ಇಲ್ಲ.

ನನ್ನ ಮದುವೆಯಲ್ಲಿ ಅತ್ತೆ ತಮ್ಮ ಕಿವಿಯಿಂದಲೇ ಬಿಚ್ಚಿ ನನಗೆ ಏಳು ಕಲ್ಲಿನ ಓಲೆ ಹಾಕಿದ್ದರು. ಅದರ ತಿರುಪೇ ಕಡಲೆಕಾಳಿನಷ್ಟು ದಪ್ಪ. ಇಪ್ಪತ್ತೈದು ವರ್ಷ ಅದನ್ನು ಹೊತ್ತ ನನ್ನ ಕಿವಿಯ ತೂತು ಮೊದಲು ಎಳ್ಳಿನಷ್ಟಿದ್ದದ್ದು ಭತ್ತದ ಕಾಳಾಯಿತು, ಭತ್ತದ ಕಾಳು ಹುಣಸೆ ಬೀಜವಾಯಿತು. ಒಂದು ಬೆಳಿಗ್ಗೆ ಮಿಂದು ತಲೆ ಒರೆಸಿಕೊಳ್ಳುವಾಗ ಬಲಗಿವಿಯ ಹಾಲೆ ಸೀಳಿಹೋಯಿತು. ನೋವೇನೂ ಆಗಲಿಲ್ಲ; ಹಳೆಯ ನೂಲಿನ ಸೀರೆ ಸದ್ದಿಲ್ಲದೆ ಬಿಡುತ್ತದಲ್ಲ, ಹಾಗೆ. ಓಲೆ ಬಚ್ಚಲ ಕಲ್ಲಿನ ಮೇಲೆ ಬಿದ್ದ ಸದ್ದಿಗೆ ಅತ್ತೆಯೇ ಮೊದಲು ಬಂದರು. "ನನ್ನ ಕಿವಿ ನಲವತ್ತು ವರ್ಷ ತಡೀತು. ಈಗಿನವರ ಕಿವೀಲೂ ಸತ್ವ ಇಲ್ಲ" ಎಂದು ಓಲೆಯನ್ನು ಸೆರಗಿನಲ್ಲಿ ಒರೆಸಿದರು. ಅಂದಿನಿಂದ ಸೀಳಿನ ಹಿಂದೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಓಲೆ ಕೂರಿಸಿ, ತಲೆಯನ್ನು ತುಂಬಿದ ಕೊಡದಂತೆ ನಡೆಸಿಕೊಂಡು ದಿನ ಕಳೆಯುತ್ತಿದ್ದೆ.

ಅದೇ ವರ್ಷ ನನ್ನ ತಂಗಿ ಸರಳ ಬಸುರಿಯಾದಳು. ಅವಳ ಗಂಡ ಇಥಿಯೋಪಿಯಾದ ಒಂದು ಗುಡ್ಡದೂರಿನಲ್ಲಿ ಗಣಿತದ ಮೇಷ್ಟ್ರು. ಆಗ ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳು ಹಾಗೆ ಹೋಗಿದ್ದರು. ಅಲ್ಲಿನ್ನೂ ಚಕ್ರವರ್ತಿಯ ಆಳ್ವಿಕೆ ಇತ್ತು. ಅಮ್ಮ ತೀರಿಹೋಗಿದ್ದರಿಂದ ಬಾಣಂತನಕ್ಕೆ ನಾನೇ ಹೋದೆ. ಲೇಹ್ಯದ ಡಬ್ಬ, ಬಜೆ ಬೇರು, ಮಗುವಿಗೆ ಹಳೆಯ ಮೆತ್ತನೆ ಬಟ್ಟೆಯ ಗಂಟು ಕಟ್ಟಿಕೊಂಡು ವಿಮಾನದಲ್ಲಿ ಕೂತದ್ದು ಈಗಲೂ ಬೇರೆ ಯಾರೋ ಹೋಗಿಬಂದು ನನಗೆ ಹೇಳಿದಂತೆ ಅನ್ನಿಸುತ್ತದೆ. ಆ ಊರಿನ ಬೆಳಗುಗಳು ಮಂಜು ಮಂಜು. ಹೆಂಗಸರು ಮೈತುಂಬ ಬಿಳಿ ಬಟ್ಟೆ ಹೊದ್ದು ಸದ್ದಿಲ್ಲದೆ ನಡೆದು ಹೋಗುತ್ತಿದ್ದರು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ ಕಿಟಕಿಯಾಚೆ ನೋಡಿದರೆ ನಾನೂ ಆ ಮಂಜಿನಲ್ಲಿ ಸ್ವಲ್ಪ ಕರಗಿದಂತಾಗುತ್ತಿತ್ತು. ಸರಳ ಒಂದು ದಿನ, "ಅಕ್ಕಾ, ಇಲ್ಲೊಬ್ಬ ಮುದುಕ ಡಾಕ್ಟರ್ ಇದಾನೆ, ಸುಟ್ಟ ಮುಖಾನೂ ಸರಿ ಮಾಡ್ತಾನಂತೆ. ನಿನ್ನ ಕಿವಿ ಅವನಿಗೆ ಯಾವ ಲೆಕ್ಕ? ಹೊಲಿಸ್ಕೊಂಡೇ ಹೋಗು" ಎಂದಳು. ಪರದೇಶದ ಡಾಕ್ಟರು, ಪರದೇಶದ ಸೂಜಿ. ನನಗೂ ಆಸೆಯಾಯಿತು. ಸುಳ್ಳೇಕೆ ಹೇಳಲಿ, ಊರಿಗೆ ಹೋದಮೇಲೆ ಓರಗಿತ್ತಿಗೆ ಏನೆಂದು ವರ್ಣಿಸಬೇಕೆಂಬುದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಜೋಡಿಸಿಕೊಂಡಿದ್ದೆ.

ಡಾಕ್ಟರು ಬಿಳಿ ಹುಬ್ಬಿನ ಸಾಧು ಮನುಷ್ಯ. ನಾನು ಸೀಳಿದ ಕಿವಿ ತೋರಿಸಿದೆ, ಅವರು ತಲೆಯಾಡಿಸಿದರು. ಎಡಗಿವಿಯ ಹುಣಸೆ ಬೀಜವನ್ನೂ ನೋಡಿ ಪಾಪ ಎನ್ನುವಂತೆ ಲೊಚಗುಟ್ಟಿದರು. ಹತ್ತು ದಿನದ ನಂತರ ಪಟ್ಟಿ ಬಿಚ್ಚಿ ಕನ್ನಡಿ ಹಿಡಿದರು. ನೋಡುತ್ತೇನೆ, ಎರಡು ಕಿವಿಗಳೂ ಆಗಷ್ಟೇ ಹುಟ್ಟಿದ ಮಗುವಿನ ಕಿವಿಗಳಂತಿವೆ. ನುಣ್ಣಗೆ, ಗುಂಡಗೆ. ಎರಡರಲ್ಲೂ ತೂತೇ ಇಲ್ಲ. ಆ ಪುಣ್ಯಾತ್ಮನಿಗೆ ಸೀಳು ಮಾತ್ರವಲ್ಲ, ತೂತೂ ಗಾಯವಾಗಿಯೇ ಕಂಡಿತ್ತು. ಯಾವುದೋ ಕ್ರೂರ ಪದ್ಧತಿ ನನಗೆ ಮಾಡಿದ ಅನ್ಯಾಯವನ್ನು ತಾನು ಅಳಿಸಿದೆನೆಂಬ ಸಂತೋಷದಲ್ಲಿ ಮೂವರು ನರ್ಸುಗಳನ್ನು ಕರೆದು ತೋರಿಸಿದರು. ಅಷ್ಟೇ ಅಲ್ಲ, ಸೀಳಿದ್ದ ಬಲಗಿವಿಯನ್ನು ಮಡಿಸಿ ಹೊಲಿದಿದ್ದರಿಂದ ಅದು ಎಡಗಿವಿಗಿಂತ ಒಂದು ಅಕ್ಕಿಕಾಳಿನಷ್ಟು ಮೇಲಕ್ಕೆ ಹೋಗಿತ್ತು. ನಾನು ಕೈ ಮುಗಿದೆ. ಅವರು ಅದನ್ನು ಕೃತಜ್ಞತೆಯೆಂದು ತಿಳಿದು ಕಣ್ಣು ತೇವ ಮಾಡಿಕೊಂಡರು.

ದೀಪಾವಳಿಗೆ ಊರಿಗೆ ಬಂದೆ. ಮೊದಲು ನೋಡಿದವಳು ಬಳೆಗಾರ್ತಿ ಜೈನಬಿ. ಬಳೆಯ ಮಲಾರ ಜಗಲಿಯ ಮೇಲಿಟ್ಟು ನನ್ನ ಕಿವಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕಾರೆ, ಕೆಲಸ ಭಾಳ ಸಾಫ್ ಐತ್ರಿ. ಆದ್ರೆ ಬಾಗ್ಲ ಇಡೋದು ಮರ್ತು ಮನಿ ಕಟ್ಟಿದಂಗ ಆಗೈತಿ" ಎಂದಳು. ಅತ್ತೆ ಓಲೆಯನ್ನು ಅರಿಶಿನ ಬಟ್ಟೆಯಲ್ಲಿ ಸುತ್ತಿ ದೇವರ ಪೆಟ್ಟಿಗೆಯಲ್ಲಿಟ್ಟರು, ಅಷ್ಟೆ. ಕಷ್ಟ ಶುರುವಾದದ್ದು ಸಂಕ್ರಾಂತಿ ಕಳೆದು ನಮ್ಮ ವಸುಧಾಳ ಮದುವೆ ವೈಶಾಖಕ್ಕೆ ನಿಶ್ಚಯವಾದಾಗ. ನನಗೆ ಅವಳೊಬ್ಬಳೇ ಮಗಳು. ಅತ್ತೆ ಎಲ್ಲರೂ ಊಟಕ್ಕೆ ಕೂತಾಗ ಶಾಂತವಾಗಿ ಹೇಳಿದರು: "ಬರಿಗಿವೀಲಿ ಧಾರೆಗೆ ನಿಂತವರನ್ನ ನಾನು ಕಂಡಿಲ್ಲ. ಅಷ್ಟರೊಳಗೆ ಓಲೆ ಹಾಕ್ಕೊಂಡ್ರೆ ನೀನು ಧಾರೆ ಎರಿ. ಇಲ್ದಿದ್ರೆ ದೊಡ್ಡ ಸೊಸೆ ಎರೀಲಿ. ಅವಳ ಕಿವಿ ಗಟ್ಟಿ." ನನ್ನ ಓರಗಿತ್ತಿ, "ಅಯ್ಯೋ, ನಂಗೆಂಥ ಆಸೇನೂ ಇಲ್ಲಪ್ಪ" ಎಂದಳು, ಮಾರನೆಯ ದಿನವೇ ತನ್ನ ರೇಷ್ಮೆ ಸೀರೆಗೆ ಫಾಲ್ಸ್ ಹೊಲಿಯಲು ಕೊಟ್ಟಳು. ಸ್ಪ್ರಿಂಗಿನ ಓಲೆ ಸಿಗುತ್ತದೆ, ಒತ್ತಿದರೆ ಕಚ್ಚಿಕೊಳ್ಳುತ್ತದೆ ಎಂದು ವಸುಧಾ ಹೇಳಿನೋಡಿದಳು. "ಬಟ್ಟೆ ಒಣಹಾಕೋ ಕ್ಲಿಪ್ಪು ಹಾಕ್ಕೊಂಡು ಕನ್ಯಾದಾನ ಮಾಡ್ತಾಳಾ ನಿಮ್ಮಮ್ಮ?" ಎಂದರು ಅತ್ತೆ. ಅಲ್ಲಿಗೆ ಅದೂ ಮುಗಿಯಿತು.

ಆಮೇಲಿನ ದಿನಗಳಲ್ಲಿ ಒಲೆಯ ಮುಂದೆ ಕೂತರೂ, ಅಕ್ಕಿ ಆರಿಸುತ್ತಿದ್ದರೂ ನನಗೆ ಒಂದೇ ಚಿತ್ರ. ಮಂಟಪದಲ್ಲಿ ವಸುಧಾ, ಅವಳ ಕೈ ಮೇಲೆ ಗಿಂಡಿಯಿಂದ ಬೀಳುವ ನೀರು. ಗಿಂಡಿ ಹಿಡಿದ ಕೈಯಲ್ಲಿ ಒಮ್ಮೆ ನನ್ನ ಬಳೆ, ಒಮ್ಮೆ ಓರಗಿತ್ತಿಯ ಬಳೆ. ಕೊನೆಗೆ ಧೈರ್ಯ ಮಾಡಿ ಊರಿನ ಡಾಕ್ಟರ ಹತ್ತಿರ ಹೋದೆ. ಅವರು ಕಿವಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಮ್ಮಾ, ಯಾರು ಹೊಲಿದದ್ದು ಇದನ್ನ? ಇಂಥ ಕೆಲಸ ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು. ಇದರ ಮೇಲೆ ಸೂಜಿ ಹಾಕೋಕೆ ನನಗೆ ಮನಸ್ಸು ಬರಲ್ಲ ರೀ" ಎಂದು ಕಾಂಪೌಂಡರನ್ನು ಕರೆದು ತೋರಿಸಿದರು. ಎರಡು ಖಂಡಗಳಲ್ಲಿ ಪ್ರದರ್ಶನಗೊಂಡ ಕಿವಿ ನಮ್ಮ ತಾಲ್ಲೂಕಿನಲ್ಲಿ ಇನ್ನೊಂದು ಇರಲಾರದು. ಬೇಕಾದರೆ ದೊಡ್ಡ ಊರಿನಲ್ಲಿ ಆಪರೇಷನ್ ಮಾಡುತ್ತಾರೆ, ಆದರೆ ಗಾಯ ಮಾಗಲು ಆರು ತಿಂಗಳು ಬೇಕು ಎಂದರು. ನನಗಿದ್ದದ್ದು ಮೂರು ತಿಂಗಳು.

ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಆ ವಾರ ಅಂಬ್ಲಿಗೊಳದ ಕಡೆ ನೀರಾವರಿ ಜಮೀನಿನ ತಕರಾರು ನೋಡಿ ದಣಿದು ಬಂದಿದ್ದರು. ನನ್ನ ಗೋಳನ್ನೆಲ್ಲ ಕಣ್ಣು ಮುಚ್ಚಿ ಕೇಳಿ, "ಮೂಲ ದಾಖಲೆ ಯಾವ ಕಚೇರಿದು?" ಎಂದರು. "ಏನಂದ್ರೀ?" "ಮೊದಲ್ನೇ ತೂತು ಎಲ್ಲಿ ಆಗಿದ್ದು ಅಂತ ಕೇಳಿದೆ." "ಸೊರಬದಲ್ಲಿ, ವೀರಾಚಾರ್ರ ಹತ್ರ." "ಮತ್ತೆ ಅಲ್ಲಿಗೇ ಹೋಗು. ಅಸಲು ಕಳೆದ್ರೆ ನಕಲು ಅಲ್ಲೇ ಕೊಡೋದು" ಎಂದು ಮಗ್ಗುಲಾದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರ ಕಚೇರಿ ಬುದ್ಧಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಸೊರಬ ನನ್ನ ತವರು. ತಾಳಗುಂದದ ಕಡೆಯ ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿ ಹೋದೆ. ವೀರಾಚಾರ್ರು ಎಪ್ಪತ್ತು ದಾಟಿದ ಅಕ್ಕಸಾಲಿ. ಅವರ ಅಂಗಡಿಯ ಜಗಲಿಯಲ್ಲಿ ಆಗಲೇ ಒಂದು ಎಂಟು ತಿಂಗಳ ಕೂಸು ಕಿವಿ ಚುಚ್ಚಿಸಿಕೊಳ್ಳಲು ತಾಯಿಯ ಮಡಿಲಲ್ಲಿ ಕಾದಿತ್ತು. ಅದರ ಪಕ್ಕ ಸರದಿಯಲ್ಲಿ ನಾನು ಕೂತೆ. ಆಚಾರ್ರು ಕಣ್ಣು ಮುಚ್ಚಿ ನನ್ನ ಹಾಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ ನೋಡಿ, "ಇದು ಹೊಸ ಕಿವಿ. ಇದಕ್ಕಿನ್ನೂ ಶಾಸ್ತ್ರ ಆಗ್ಲಿಲ್ಲ" ಎಂದರು.

"ನೀವೇ ಚುಚ್ಚಿದ್ದಂತಲ್ಲ ಆಚಾರ್ರೇ, ಅಮ್ಮ ಹೇಳ್ತಿದ್ಲು."

"ಅದು ಹರಿದು ಹೋಯ್ತಲ ಮಾರಾಯ್ತಿ. ಇದು ಬೇರೆ. ಸೋದರಮಾವನ ತೊಡೆ ಮೇಲೆ ಕೂರದೆ ನಾನು ಯಾರಿಗೂ ಮೊದಲ್ನೇ ತೂತು ಹಾಕಿದವ್ನಲ್ಲ. ಈಗ ಕಟ್ಟಳೆ ಮುರಿದು ಏನಾದ್ರೂ ಕೀವು ಗೀವು ಆದ್ರೆ ನನ್ನ ಕೈಗೆ ಕೆಟ್ಟ ಹೆಸರು. ನಿನ್ನ ಮಾವ ಇದಾರಲ್ಲ?"

ಇದ್ದರು. ಅಮ್ಮನ ಕೊನೆಯ ತಮ್ಮ ಶಾಮಣ್ಣ ಮಾವ, ನನಗಿಂತ ಹನ್ನೆರಡು ವರ್ಷ ದೊಡ್ಡವರು, ಅದೇ ಬೀದಿಯ ತುದಿಯಲ್ಲೇ ಮನೆ. ಮಳೆಗಾಲದಲ್ಲಿ ಗುಡವಿಯ ಕೆರೆಗೆ ಬರುವ ಹಕ್ಕಿಗಳನ್ನು ನೋಡುವುದು, ಉಳಿದ ಕಾಲದಲ್ಲಿ ಆ ಹಕ್ಕಿಗಳ ಸುದ್ದಿ ಹೇಳುವುದು, ಇವೆರಡೇ ಅವರ ಉದ್ಯೋಗ, ಮೈಕಟ್ಟೂ ಕೊಕ್ಕರೆಯದೇ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದವರು ವಿಷಯ ಕೇಳಿ ಗಂಭೀರವಾಗಿ ಚಕ್ಕಂಬಕ್ಕಲ ಹಾಕಿ ಕೂತು, "ಬಾ ಸುಶೀ, ಕೂರು" ಎಂದು ತೊಡೆ ತಟ್ಟಿದರು. ಆಮೇಲೆ ನನ್ನನ್ನು ಒಮ್ಮೆ ನೋಡಿದರು, ತಮ್ಮ ತೊಡೆಯನ್ನು ಒಮ್ಮೆ ನೋಡಿಕೊಂಡರು. ಆಚಾರ್ರೇ ದಾರಿ ತೋರಿಸಿದರು: "ಪೂರ್ತಿ ಕೂರೋದು ಬ್ಯಾಡ. ತಲೆ ಇಟ್ರೆ ನಡೀತದೆ."

ಹೀಗೆ ನಾನು, ಬೀಗಿತ್ತಿಯಾಗಲಿರುವ ಹೆಂಗಸು, ಸೊರಬದ ಪೇಟೆ ಬೀದಿಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಸೋದರಮಾವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಬಾಯಿಗೆ ಕೊಬ್ಬರಿ ಬೆಲ್ಲ ಇಟ್ಟರು. ಕೂಸಿಗೆ ಧೈರ್ಯ ಬರಲೆಂದು ತನ್ನ ಸರದಿಯನ್ನು ನನಗೆ ಬಿಟ್ಟುಕೊಟ್ಟಿದ್ದ ಪಕ್ಕದ ತಾಯಿ, "ನೋಡು ಪುಟ್ಟಾ, ಅಜ್ಜಮ್ಮ ಅಳ್ತಾ ಇಲ್ಲ" ಎಂದಳು. ಅಲ್ಲಿಗೆ ನಾನು ಅಳುವ ದಾರಿಯೂ ಮುಚ್ಚಿತು. ಆಚಾರ್ರು ಕಣ್ಣಿನ ಕೊನೆಯಿಂದ ಹಾಲೆಯವರೆಗೆ ದಾರ ಹಿಡಿದು ಅಳೆದು, ಅರಿಶಿನದ ಚುಕ್ಕಿಯಿಟ್ಟರು. ಬಲಗಿವಿಯಲ್ಲಿ ಅಂಚಿನ ಹತ್ತಿರಕ್ಕೆ, ಎಡಗಿವಿಯಲ್ಲಿ ತುಸು ಮೇಲೆ. "ಕಿವಿ ಸಮ ಮಾಡೂಕೆ ನನ್ನ ಕೈಲಾಗ. ಓಲೆ ಸಮ ಮಾಡ್ತೆ" ಎಂದರು. ಮಾವ ನನ್ನ ಹಣೆಯ ಮೇಲೆ ಕೈಯಿಟ್ಟು ಗುಡವಿಯ ಸುದ್ದಿ ತೆಗೆದರು. "ಆ ಹಾವಕ್ಕಿ ಉಂಟಲ್ಲ ಸುಶೀ, ನೀರಿಂದ ಎದ್ದು ರೆಕ್ಕೆ ಬಿಚ್ಚಿ ಒಣಗಿಸ್ತಾ ಕೂರ್ತದೆ ನೋಡು, ಗಂಟೆಗಟ್ಲೆ. ಅದಕ್ಕೆ ಯಾವ ಅವಸರಾನೂ ಇಲ್ಲ." ಅವರ ಪಂಚೆಯಲ್ಲಿ ಬಿಸಿಲಿನ ವಾಸನೆ. ಒಳಗೆ ಇದ್ದಿಲಿನ ಒಲೆಯ ಸಣ್ಣ ಉಸಿರು. ನಾನು ಎಲ್ಲಿದ್ದೇನೆ, ನನಗೆ ಎಷ್ಟು ವಯಸ್ಸು ಎಂಬುದು ನಿಧಾನವಾಗಿ ಸಡಿಲವಾಗುತ್ತ ಹೋಯಿತು. ಬಿಳಿ ಹಕ್ಕಿಗಳೋ ಬಿಳಿ ಬಟ್ಟೆಯ ಹೆಂಗಸರೋ, ನೀರಿನ ಮೇಲೆ ಸಾಲಾಗಿ ಹೋಗುತ್ತಿದ್ದರು. ಆಗ ಕಿವಿಯೊಳಗೇ ಒಣ ಕಡ್ಡಿ ಮುರಿದಂತೆ ಟಕ್ ಎಂದಿತು. ತಲೆಯ ಕೆಳಗಿನ ತೊಡೆ ನಡುಗಿತು. "ಆಯ್ತಾ? ಭಾಳ ನೋವಾಯ್ತಾ?" ಎಂದು ಕೇಳಿದ್ದು ಮಾವ. "ಯಾರಿಗೆ? ನಿಮಗಾ, ಅವಳಿಗಾ?" ಎಂದರು ಆಚಾರ್ರು, ಚಿನ್ನದ ತಂತಿ ಸುತ್ತುತ್ತ. ನನ್ನ ಇನ್ನೊಂದು ಕಿವಿಯೂ ಆದಮೇಲೆ ಕೂಸಿನ ಸರದಿ. ಅದು ಬೀದಿ ಹಾರಿಹೋಗುವಂತೆ ಅತ್ತಿತು. ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮೂರು ತಿಂಗಳು ದಿನಾ ಬೆಳಿಗ್ಗೆ ಅರಿಶಿನದೆಣ್ಣೆ ಹಚ್ಚಿ ತಂತಿ ತಿರುಗಿಸಿದೆ. ಗಾಯ ಮಾಗಿತು. ಮದುವೆಯ ದಿನ ಅತ್ತೆ ಕನ್ನಡಕ ಹಾಕಿಕೊಂಡು ಬಂದು ತಾವೇ ಓಲೆ ಹಾಕಿ, ಭಾರ ತಡೆಯಲು ಕೂದಲಿಗೆ ಸರಪಣಿ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಆಮೇಲೆ ಓರಗಿತ್ತಿಯ ಕಡೆ ತಿರುಗಿ, "ನೀನು ಹೋಗಿ ಕೋಸಂಬರಿ ಏನಾಯ್ತು ನೋಡು" ಎಂದರು. ನಾನು ಗೆದ್ದಿದ್ದೆ.

ಧಾರೆಗೆ ನಿಂತೆ. ಗಿಂಡಿ ನನ್ನ ಕೈಯಲ್ಲೇ ಇತ್ತು. ವಾಲಗ ಜೋರಾಯಿತು, ನಮ್ಮವರು ಶಲ್ಯದಿಂದ ಕಣ್ಣೊರೆಸಿಕೊಂಡರು. ನನಗೋ ಬಲಗಿವಿ ಸ್ವಲ್ಪ ಜಗ್ಗಿದಂತಾಗುತ್ತಿತ್ತು. ಎಡಕ್ಕೆ ತಲೆ ವಾಲಿಸಿದೆ. ಈಗ ಎಡದ ಓಲೆ ಕೆಳಗಾಯಿತೇನೋ ಎಂದು ಬಲಕ್ಕೆ ವಾಲಿಸಿದೆ. "ಸಾಕಮ್ಮಾ, ನೀರು ಸಾಕು" ಎಂದು ಪುರೋಹಿತರು ಎರಡು ಸಲ ಹೇಳಿದಮೇಲೆ ಗಿಂಡಿ ಬರಿದಾಗಿರುವುದು ತಿಳಿಯಿತು. ವಸುಧಾ ತುಂಬಿದ ಕಣ್ಣುಗಳಿಂದ ನನ್ನ ಮುಖ ನೋಡುತ್ತಿದ್ದಳು. ನಾನು ಬಗ್ಗಿ ಅವಳ ಕಿವಿಯಲ್ಲಿ ಮೆಲ್ಲಗೆ ಕೇಳಿದೆ: "ಎರಡೂ ಒಂದೇ ಎತ್ತರಕ್ಕೆ ಇದಾವೇನೇ?" ಅವಳು ನನ್ನ ಎರಡು ಕಿವಿಗಳನ್ನೂ ನೋಡಿ, ಹೌದೆಂದು ತಲೆಯಾಡಿಸಿದಳು.

ಫೋಟೋದವನು ಸರಿಯಾಗಿ ನಾನು ಅವಳ ಕಿವಿಗೆ ಬಗ್ಗಿದ್ದನ್ನೇ ತೆಗೆದಿದ್ದಾನೆ. ನಮ್ಮ ಬೀಗಿತ್ತಿ ಆ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾರೆ. ಬಂದವರಿಗೆಲ್ಲ ತೋರಿಸಿ, "ಧಾರೆ ಹೊತ್ತಲ್ಲೂ ಮಗಳಿಗೆ ಬುದ್ಧಿ ಹೇಳ್ತಿದಾರೆ ನೋಡ್ರಿ. ತಾಯಿ ಅಂದ್ರೆ ಹಿಂಗಿರ್ಬೇಕು" ಎನ್ನುತ್ತಾರೆ. ಏನು ಬುದ್ಧಿ ಹೇಳಿದಿರಿ ಎಂದು ಒಬ್ಬಿಬ್ಬರು ನನ್ನನ್ನೇ ಕೇಳಿದ್ದೂ ಉಂಟು. ವಸುಧಾ ಆಗ ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಾಳೆ. ನಾನು ಆ ಮನೆಗೆ ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತೇನೆ.