ನಾನು ಕಲಿಸಿದ ಕ್ಲೋರೈಡ್

ವಿಜ್ಞಾನ ಮಾಸ್ತರನಾಗಿದ್ದವನ ಬಾಯಿಂದ ಒಂದಿಲ್ಲೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ನನಗಂತೂ ‘ಕ್ಲೋರೈಡ್’ ಎಂಬ ಒಂದೇ ಶಬ್ದ ಮೂರು ಕಡೆ ಕೈಕೊಟ್ಟಿತು. ನಿವೃತ್ತನಾದ ಮೇಲೆ ನೆನೆದರೆ ನಗು ಬರುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ.

ಲಗ್ನ

ರಾಣೆಬೆನ್ನೂರಿನ ಶಾಲೆ. ಪರೀಕ್ಷೆಯಲ್ಲಿ ‘ಕ್ಲೋರೈಡ್ ಎಂದರೇನು?’ ಎಂದು ಕೇಳಿದ್ದೆ. ಒಬ್ಬ ಹುಡುಗಿ, ‘ಕ್ಲೋರಿನ್ ಲಗ್ನವಾದ ಮೇಲೆ ಇಟ್ಟುಕೊಳ್ಳುವ ಹೆಸರು’ ಎಂದು ಬರೆದಿದ್ದಳು. ಸೊನ್ನೆ ಹಾಕಿ, ಉತ್ತರವನ್ನು ಎಲ್ಲರೆದುರು ಓದಿ ನಗಿಸಿದೆ.

ಹುಡುಗಿ ಎದ್ದು ನಿಂತಳು. “ಸರ, ನೀವ ಹೇಳಿದ್ರಲ್ರಿ? ಕ್ಲೋರಿನ್ ಒಂದ ಇದ್ದಾಗ ವಿಷ, ಸೋಡಿಯಂ ಜೋಡಿ ಲಗ್ನ ಆದ್ರ ಅಡಗಿಮನಿ ಉಪ್ಪು, ಹೆಸರು ಕ್ಲೋರೈಡ್ ಅಂತ.”

ಹೌದು, ನಾನೇ ಹೇಳಿದ್ದೆ. ಆದರೂ ಮಾಸ್ತರಿಕೆ ಬಿಡಲಿಲ್ಲ. “ಹೇಳಿದ್ದೆ, ಬರೀ ಅಂದಿದ್ದಿಲ್ಲ” ಎಂದುಬಿಟ್ಟೆ.

ಬಾಟಲಿ

ಹಾವೇರಿಯಲ್ಲಿ ಪಕ್ಕದ ಮನೆಯ ಅಜ್ಜಾರು ನಿಶ್ಶಕ್ತಿಯಿಂದ ದವಾಖಾನೆ ಸೇರಿದ್ದರು. ನೋಡಲು ಹೋದೆ. ತೂಗುಬಿಟ್ಟ ಸಲೈನ್ ಬಾಟಲಿ ತೋರಿಸಿ, “ಅದರಾಗ ಏನ್ ಬರದೈತ್ರಿ ಮಾಸ್ತರ?” ಎಂದರು.

“ಸೋಡಿಯಂ ಕ್ಲೋರೈಡ್. ಅಂಜಬ್ಯಾಡ್ರಿ, ಬರೇ ಉಪ್ಪುನೀರು.”

“ಬಿಪಿ ಐತಿ ಅಂತ ಊಟದಾಗಿನ ಉಪ್ಪು ಬಿಡಿಸ್ಯಾರ, ಇಲ್ಲಿ ಬಾಟ್ಲಿಗಟ್ಟಲೆ ಏರಸಾಕತ್ತಾರ!” ಎಂದವರೇ ಸೂಜಿ ಕಿತ್ತೆಸೆದರು.

ಆ ಬಡಕಲು ಕೈಯಲ್ಲಿ ನರ ಸಿಗದೆ ಮತ್ತೆ ಮೂರು ಸಲ ಚುಚ್ಚಬೇಕಾಯಿತು. ನರ್ಸಮ್ಮ ನನ್ನ ಕಡೆ ತಿರುಗಿ, “ಸರ, ಪೇಶಂಟ್ ನೋಡಾಕ ಬಂದೀರೋ, ಪಾಠ ಮಾಡಾಕ ಬಂದೀರೋ?” ಎಂದರು.

ಟಾಕಿ

ಕೊನೆಯದು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯದು. ಮಳೆಗಾಲ, ನಾಲ್ಕಾರು ಮನೆಗಳಲ್ಲಿ ವಾಂತಿಭೇದಿ. ಬಸ್ಸಿಗೆ ಓಡುತ್ತಿದ್ದ ನನ್ನನ್ನು ಊರಿಗೆ ನೀರು ಬಿಡುವ ವಾಟರ್‌ಮನ್ ತಡೆದ. “ಸರ, ನೀರು ಕೆಟ್ಟೈತಿ, ನೀರಿನ ಟಾಕಿಗೆ ಏನ್ ಹಾಕ್ಲಿರಿ?”

ಬ್ಲೀಚಿಂಗ್ ಪೌಡರ್ ಎನ್ನಬೇಕಿತ್ತು. “ಕ್ಲೋರೈಡ್ ಹಾಕು” ಎಂದು ಬಸ್ಸು ಹತ್ತಿದೆ.

ಅವನ ಮಗಳು ನನ್ನ ವಿದ್ಯಾರ್ಥಿನಿ. ಕ್ಲೋರೈಡ್ ಅಂದರೇನೆಂದು ಅಪ್ಪ ಕೇಳಿದ್ದಕ್ಕೆ, “ಉಪ್ಪು, ನಮ್ಮ ಸರ್ ಕಲಿಸ್ಯಾರ” ಎಂದಳಂತೆ. ಅವನು ಎರಡು ಚೀಲ ಉಪ್ಪು ಸುರಿದ.

ಮರುದಿನ ಊರಿಗೆ ಊರೇ ಚಹಾ ಉಗುಳಿತು. ಟಾಕಿಯ ಕೆಳಗೆ ಪಂಚಾಯ್ತಿಯವರು ಅವನನ್ನು ನಿಲ್ಲಿಸಿ, “ತಲಿ ನೆಟ್ಟಗೈತಿಲ್ಲೋ? ಯಾರ್ ಹೇಳಿದ್ರು ನಿನಗ?” ಎಂದು ಬೈದರು. ನಾನು ಅಲ್ಲೇ ಗುಂಪಿನಲ್ಲಿದ್ದೆ. ಅವನು ಒಮ್ಮೆ ನನ್ನತ್ತ ನೋಡಿ ತಲೆ ತಗ್ಗಿಸಿದ. ನಾನು ಮೆಲ್ಲಗೆ ಶಾಲೆಯ ಕಡೆ ಜಾರಿಕೊಂಡೆ.

ನಾಲ್ಕು ದಿನ ನಿದ್ದೆ ಬರಲಿಲ್ಲ. ಐದನೇ ದಿನ ಅವನ ಮನೆಗೇ ಹೋದೆ. “ತಪ್ಪು ನಂದಪಾ. ನಡಿ, ಈಗ ಪಂಚಾಯ್ತಿಗೆ ಹೋಗಿ ಖರೇ ಹೇಳಿಬಿಡ್ತೇನಿ.”

ಅವನು ನನ್ನ ಕೈ ಹಿಡಿದು ಕೂರಿಸಿದ. “ಬ್ಯಾಡ್ರಿ ಸರ. ನನಗಾದ್ರ ಒಂದ ದಿನ ಬೈದು ಬಿಟ್ರು. ನೀವು ಸೈನ್ಸ್ ಮಾಸ್ತರ ಅದೀರಿ. ನಿಮ್ಮನ್ನ ನೋಡಿ ರಿಟೈರ್ ಆಗೂತನಕ ನಗ್ತಾರ.”