ಬದುಕಿರುವವನ ಹೆಸರಿನ ಕಲ್ಲು

ಊರಿನ ಯಾವುದೇ ಸಮಿತಿಗೆ ಅಧ್ಯಕ್ಷನಾಗಲು ಬುದ್ಧಿ ಬೇಕಿಲ್ಲ, ಸಭೆಯ ದಿನ ಊರಲ್ಲಿದ್ದರೆ ಸಾಕು ಎಂಬುದು ನನ್ನ ಅನುಭವ. ಅಂದು ನೊಣವಿನಕೆರೆಯ ಬಸ್ಸು ತಪ್ಪಿ ಮನೆಯಲ್ಲೇ ಉಳಿದಿದ್ದೆ. ಸಂಜೆಯ ಹೊತ್ತಿಗೆ ಯೋಧರ ಸ್ಮಾರಕ ಸಮಿತಿಯ ಅಧ್ಯಕ್ಷನಾಗಿದ್ದೆ. ಕೊಬ್ಬರಿ ವ್ಯಾಪಾರಿಯಾದ ನನಗೂ ಸೈನ್ಯಕ್ಕೂ ಇರುವ ನಂಟು ಇಷ್ಟೇ: ನನ್ನ ಚಿಕ್ಕಪ್ಪನ ಮಗ ಮಲ್ಲೇಶ ಹವಾಲ್ದಾರನಾಗಿದ್ದು ನಿವೃತ್ತನಾಗಿ ಬಂದಿದ್ದಾನೆ. ಅವನ ಜೊತೆಗೇ ಸೇರಿದ ಶಿವಣ್ಣ ಗಡಿಯಲ್ಲೇ ತೀರಿಕೊಂಡ. ಊರಿಂದ ಸೈನ್ಯಕ್ಕೆ ಹೋದವರು ಇವರಿಬ್ಬರೇ. ಇಬ್ಬರ ಹೆಸರನ್ನೂ ಕೆತ್ತಿಸುವುದೆಂದು ತೀರ್ಮಾನವಾಯಿತು.

ಕಲ್ಲುಕುಟಿಗ "ಹೆಂಗಿರ್ಬೇಕು ಸ್ವಾಮೀ?" ಎಂದು ಕೇಳಿದ. ನಮ್ಮಲ್ಲಿ ಹಿರಿಯರನ್ನು ಮಣ್ಣು ಮಾಡುವುದು ಅವರದೇ ತೆಂಗಿನ ತೋಟದಲ್ಲಿ. ಸ್ಮಾರಕವೆಂದರೆ ನನಗೆ ಗೊತ್ತಿದ್ದದ್ದು ಅಲ್ಲಿ ನೆಡುವ ಸಮಾಧಿಕಲ್ಲೊಂದೇ. "ತೋಟದಲ್ಲಿ ನಮ್ಮಪ್ಪನ ಕಲ್ಲು ಐತಲ್ಲ, ಹಂಗೇ ಲಕ್ಷಣವಾಗಿ ಮಾಡಪ್ಪ" ಎಂದುಬಿಟ್ಟೆ. ಅವನು ನನ್ನ ಮಾತು ಮೀರಲಿಲ್ಲ. ಮೇಲೆ ಸೂರ್ಯ ಚಂದ್ರ, ನಡುವೆ ಹೆಸರುಗಳು, ಕೆಳಗೆ ದೀಪ ಇಡುವ ಗೂಡು. ಬಸ್ ನಿಲ್ದಾಣದ ಪಕ್ಕ ನಿಲ್ಲಿಸಿದಾಗ ಸಮಿತಿಯವರೆಲ್ಲ ತಲೆದೂಗಿದೆವು. ಬೆಳಗಾಗುವುದರೊಳಗೆ ಯಾರೋ ಪುಣ್ಯಾತ್ಮರು ದೀಪವನ್ನೂ ಹಚ್ಚಿದ್ದರು. ಬಸ್ಸಿಳಿದ ಪರವೂರಿನ ಅಜ್ಜಿಯೊಬ್ಬಳು ಕಲ್ಲಿಗೆ ಕೈಮುಗಿದು, ಅಲ್ಲೇ ನಿಂತಿದ್ದ ಮಲ್ಲೇಶನನ್ನೇ, "ಪಾಪ, ಇಬ್ರೂ ಒಂದೇ ದಿನ ಹೋದ್ರೇನಪ್ಪಾ?" ಎಂದು ವಿಚಾರಿಸಿದಳು. "ಇಲ್ಲ ಕಣಜ್ಜಿ, ಒಬ್ಬ ಇನ್ನೂ ಬಸ್ಸಿಗೆ ಕಾಯ್ತಾವ್ನೆ" ಎಂದನಂತೆ ಅವನು.

ಈ ಸುದ್ದಿ ಅವನ ಹೆಂಡತಿ ಗೌರಮ್ಮನ ಕಿವಿಗೆ ಬಿತ್ತು. ಮರುದಿನವೇ ಉದ್ಘಾಟನೆ ಇದ್ದುದರಿಂದ ನಾನು ಅಲ್ಲೇ ಚಪ್ಪರ ಹಾಕಿಸುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಹತ್ತಿರ ಬಂದಳು. ಊರೇ ಹಿಂದೆ ಬಂತು.

"ಏನ್ ಭಾವ, ನನ್ ಗಂಡ ಉಣ್ಕೊಂಡು ತಿನ್ಕೊಂಡು ಓಡಾಡ್ತಾ ಇರೋವಾಗ್ಲೇ ಕಲ್ಲು ನೆಟ್ಬುಟ್ರಾ? ಅವ್ರ ಹೆಸ್ರು ತೆಗೆಸ್ರಿ. ಇಲ್ದಿದ್ರೆ ನಾನೇ ಸುತ್ತಿಗೆ ತತ್ತೀನಿ."

"ಇದು ಗೌರವ ಕಣಮ್ಮ. ಇರೋರ ಹೆಸ್ರು ಕೆತ್ತಿಸಿದ್ರೆ ಏನೂ ಆಗಲ್ಲ."

"ಏನೂ ಆಗಲ್ವಾ? ಹಂಗಾದ್ರೆ ನಿಮ್ಮ ಹೆಸ್ರೂ ಕೆತ್ತಿಸ್ರಿ, ನೋಡಾನ!"

ಗುಂಪಿನ ಹಿಂದಿನಿಂದ ನನ್ನ ಹೆಂಡತಿ, "ಬ್ಯಾಡ ಕಣ್ರೀ!" ಎಂದು ಕೂಗಿದಳು. ಊರೆಲ್ಲ ಗೊಳ್ಳೆಂದು ನಕ್ಕಿತು.

ಮಲ್ಲೇಶ ಮಾತ್ರ ನಗಲಿಲ್ಲ. "ಗೌರಿ, ನಾವಿಬ್ರೂ ಒಂದೇ ಬಸ್ಸಲ್ಲಿ ಹೋದ್ವಿ. ನಾನೊಬ್ನೇ ವಾಪಸ್ ಬಂದೆ. ಶಿವಣ್ಣನ ಅವ್ವ ಇವತ್ತಿಗೂ ನನ್ ಮುಖ ನೋಡಿದ್ರೆ ಅವನೆಲ್ಲಿ ಅಂತ ನನ್ ಪಕ್ಕ ನೋಡ್ತಾಳೆ. ಕಲ್ಲಲ್ಲಾದ್ರೂ ಅವನ ಪಕ್ಕ ಇರ್ತೀನಿ, ಬುಡು" ಎಂದ.

ಗೌರಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿದಳು. ಅದರಲ್ಲೇ ಕಣ್ಣೊರೆಸಿಕೊಂಡು, "ಇರ್ಲಿ ಬುಡಿ. ಆ ದೀಪದ ಗೂಡಿಗೆ ಸಿಮೆಂಟ್ ಮೆತ್ತಿಸ್ರಿ. ಆದ್ರೆ ಭಾವನ ಹೆಸ್ರೂ ಅದ್ರಲ್ಲಿ ಕೆತ್ತಿಸ್ಲೇಬೇಕು" ಎಂದಳು. ಊರು ಚಪ್ಪಾಳೆ ತಟ್ಟಿತು. ಅಷ್ಟು ಜನರ ಮುಂದೆ ಆಗಲ್ಲ ಅನ್ನುವ ಧೈರ್ಯ ನನಗಿರಲಿಲ್ಲ.

ಈಗ ಮಲ್ಲೇಶ ದಿನಾ ಬೆಳಿಗ್ಗೆ ತನ್ನ ಹೆಸರಿಗೇ ಬೆನ್ನು ಒರಗಿಸಿ ಕುಳಿತು ನೆಮ್ಮದಿಯಾಗಿ ಟೀ ಕುಡಿಯುತ್ತಾನೆ. ನಾನು ವಾಕಿಂಗ್ ನೆಪದಲ್ಲಿ ಹೋಗಿ, ನನ್ನ ಹೆಸರಿನ ಮೇಲೆ ಯಾರಾದರೂ ಹೂ ಇಟ್ಟಿದ್ದರೆ ಮೆಲ್ಲಗೆ ತೆಗೆದು ಶಿವಣ್ಣನ ಹೆಸರಿಗೆ ಏರಿಸುತ್ತೇನೆ. ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ಸುಮ್ಮಸುಮ್ಮನೆ ಮಾತನಾಡಿಸುತ್ತೇನೆ. ಅವರು ತಿರುಗಿ ಮಾತನಾಡಿದರೆ ಜೀವಕ್ಕೆ ಸಮಾಧಾನ.