ಸೋಫಾ ಸಾರ್ವಭೌಮರು ಸಿಂಹಾಸನ ಇಳಿದದ್ದು

“ಇವತ್ತಿನಿಂದ ನನಗೆ ಯಾರೂ ಕೈ ಕೊಡಬೇಕಾಗಿಲ್ಲ! ನನ್ನ ಕಾಲ ಮೇಲೆ ನಾನೇ ನಿಲ್ತೀನಿ!”

ಆಪರೇಷನ್ ಮಾಡಿಸಿ ಮಂಡಿ ಬದಲಾಯಿಸಿಕೊಂಡು ರಜೆಯಲ್ಲಿದ್ದ ಸೋಫಾ ಸಾರ್ವಭೌಮರು, ಕೆಲಸಕ್ಕೆ ಮರಳುವ ದಿನ ಮನೆಬಾಗಿಲಲ್ಲಿ ನಿಂತು ಹೀಗೆ ಗುಡುಗಿದರು. ಸಾರ್ವಭೌಮರೆಂದರೆ ರಾಜ್ಯಗೀಜ್ಯ ಆಳಿದವರೇನಲ್ಲ, ಪೀಠೋಪಕರಣದ ಅಂಗಡಿಯಲ್ಲಿ ಸೋಫಾ ಮಾರುವವರು. ಗಿರಾಕಿಯ ಎದುರು ತಾವೇ ಸೋಫಾದಲ್ಲಿ ಕುಸಿದು ಕುಳಿತು, ಅರೆಗಣ್ಣು ಮುಚ್ಚಿ ‘ಆಹಾ!’ ಎಂದರೆ ಮುಗಿಯಿತು, ಗಿರಾಕಿಯ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಹಾಗೆ ಬಂದ ಬಿರುದು ಅದು.

“ಕಾಲೇ ಕೈ ಕೊಟ್ರೆ ಏನ್ರೀ ಮಾಡ್ತೀರಿ?” ಎಂದು ಹೆಂಡತಿ ಊರುಗೋಲು ಮುಂದೆ ಹಿಡಿದಳು. “ತಗ್ಗಾದ ಜಾಗದಲ್ಲಿ ಕೂರಬೇಡಿ ಅಂತ ಡಾಕ್ಟರು ಬಡ್ಕೊಂಡಿದ್ದಾರೆ, ನೆನಪಿರಲಿ.”

“ಸಾರ್ವಭೌಮನ ಕೈಲಿ ಕೋಲಾ? ನೋಡಿದವರು ಏನಂದ್ಕೋತಾರೆ?”

“ರಾಜದಂಡ ಅಂದ್ಕೋತಾರೆ, ಹಿಡ್ಕೊಳ್ಳಿ!”

ಹಿಡಿದುಕೊಂಡರು. ಅವಳು ಒಳಗೆ ತಿರುಗಿದ್ದೇ ತಡ, ಅದನ್ನು ಚಪ್ಪಲಿ ಗೂಡಿನ ಹಿಂದೆ ತೂರಿಸಿ ಹೊರಟೇಬಿಟ್ಟರು.

ಅಂಗಡಿಯಲ್ಲಿ ಯಜಮಾನರು ಅಕ್ಕರೆಯಿಂದಲೇ ಬರಮಾಡಿಕೊಂಡರು. “ಸೋಫಾ ವಿಭಾಗ ಈಗ ಹೊಸ ಹುಡುಗಿ ನೋಡ್ಕೋತಾಳೆ. ನೀವು ಬಿಲ್ ಕೌಂಟರಿನಲ್ಲಿ ಹಾಯಾಗಿರಿ. ಅಲ್ಲಿನ ಕುರ್ಚಿ ಎತ್ತರ ಇದೆ.”

ಸಾರ್ವಭೌಮರು ಸೋಫಾಗಳ ಕಡೆ ನೋಡಿದರು. ಸಾಮ್ರಾಜ್ಯವೇ ಹೋಯಿತಲ್ಲ! “ಕಾಗೆ ಥರ ಮೇಲೆ ಕೂತು ಬಿಲ್ ಹರೀಲಾ ಸಾರ್? ಇವತ್ತು ಒಂದು ಸೋಫಾ ಮಾರಿ ತೋರಿಸ್ತೀನಿ. ಆಗದಿದ್ರೆ ಆ ಕುರ್ಚಿ ಹತ್ತಿಸಿ!”

“ಮಾತು ತಪ್ಪೋ ಹಾಗಿಲ್ಲ!”

ಅಂಗಡಿಯಲ್ಲೇ ಅತಿ ಮೆತ್ತನೆಯ, ಅತಿ ತಗ್ಗಾದ ಸೋಫಾ ಅವರನ್ನು ಕರೆಯಿತು. ಗಿರಾಕಿ ಬರುವ ಮುನ್ನ ಒಮ್ಮೆ ಅಭ್ಯಾಸ ಮಾಡಿಕೊಳ್ಳೋಣವೆಂದು ಕುಸಿದು ಕುಳಿತರು. ‘ಆಹಾ’ ಸೊಗಸಾಗಿ ಬಂತು. ಏಳಲು ಹೋದರೆ ‘ಅಯ್ಯಯ್ಯೋ’ ಬಂತು! ಹೊಸ ಮಂಡಿಯೋ, ಹೊಸ ಅಳಿಯನ ಹಾಗೆ ಬಿಗುಮಾನದಿಂದ ಕೂತಲ್ಲೇ ಕೂತಿತು. ಮುಂದಕ್ಕೆ ತೂಗಿದರು, ಪಕ್ಕಕ್ಕೆ ವಾಲಿದರು, ಇನ್ನಷ್ಟು ಹೂತುಹೋದರು.

“ಅಂಕಲ್, ಏನಾದ್ರೂ ಬೇಕಿತ್ತಾ?” ಎಂದಳು ಹೊಸ ಹುಡುಗಿ. ಒಬ್ಬ ಗಿರಾಕಿ ಹೆಂಗಸಿಗೆ ಮಂಚ ತೋರಿಸಲು ಮಹಡಿಗೆ ಹೊರಟಿದ್ದಳು.

“ಏನಿಲ್ಲಮ್ಮ, ಸ್ಪ್ರಿಂಗು ಪರೀಕ್ಷೆ ಮಾಡ್ತಿದ್ದೀನಿ!”

ಆ ಗಿರಾಕಿಯ ತಾಯಿ ಮೆಟ್ಟಿಲು ಹತ್ತಲಾರದೆ ಕೆಳಗೇ ಉಳಿದಿದ್ದರು. ವಯಸ್ಸಾದ ಅಜ್ಜಿ. ಸೋಫಾದ ಹತ್ತಿರ ಬಂದು ಸವರಿದರು. “ಚೆನ್ನಾಗಿದೆ. ಆದ್ರೆ ನನಗೆ ಮಂಡಿ ನೋವಪ್ಪ. ಕೂತ್ರೆ ಏಳಬಹುದಾ?”

ಮಹಡಿಯಲ್ಲಿ ಹೊಸ ಹುಡುಗಿಯ ನಗು ಕೇಳಿಸಿತು. ಬಿಲ್ ಕೌಂಟರಿನ ಕುರ್ಚಿ ಸಾರ್ವಭೌಮರ ಕಣ್ಣೆದುರು ಬಂತು.

“ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಏಳಬಹುದು ಅಜ್ಜಿ!”

ಅಜ್ಜಿ ಪಕ್ಕದಲ್ಲೇ ಕುಳಿತರು. ‘ಆಹಾ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಎಲ್ಲಿ, ಕೈ ಕೊಡಪ್ಪ, ಏಳ್ತೀನಿ,” ಎಂದರು.

ಸಾರ್ವಭೌಮರು ಕೂತಲ್ಲಿಂದಲೇ ಕೈ ಚಾಚಿದರು. ಇಬ್ಬರೂ ಒಬ್ಬರನ್ನೊಬ್ಬರು ಎಳೆದರು. ಸೋಫಾ ಇಬ್ಬರನ್ನೂ ಎಳೆಯಿತು!

“ನೀನು ಎದ್ದು ನಿಂತು ಎಳೀಬಾರದೇನಪ್ಪ?”

“ಅದು... ನನಗೂ ಏಳೋಕಾಗ್ತಿಲ್ಲ ಅಜ್ಜಿ.”

“ಯಾವಾಗಿಂದ?”

“ನೀವು ಬರೋಕೆ ಮುಂಚಿನಿಂದ.”

ಅಜ್ಜಿ ಅವರನ್ನೇ ನೋಡಿದರು. “ನಿನ್ನ ಮುಖ ನೋಡಿ ನಂಬಿದೆನಲ್ಲಪ್ಪ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈ ಸೋಫಾ ಇನ್ನೊಂದಿಷ್ಟು ಬಾಯಿ ತೆರೆದು ತನ್ನನ್ನು ಪೂರ್ತಿ ನುಂಗಬಾರದೇ ಎನ್ನಿಸಿತು ಸಾರ್ವಭೌಮರಿಗೆ.

ಅಷ್ಟರಲ್ಲಿ ಯಜಮಾನರು ಬಂದರು. “ಹೇಗಿದೆ ಅಜ್ಜಿ, ಸೋಫಾ?”

“ಬಿಟ್ಟು ಏಳೋಕೇ ಆಗ್ತಿಲ್ಲ!”

“ಭೇಷ್! ಗೆದ್ದುಬಿಟ್ರಿ ಸಾರ್ವಭೌಮರೇ! ಸೋಫಾ ವಿಭಾಗ ಇನ್ನು ನಿಮ್ಮದೇ!”

ಬಾಯಿ ಮುಚ್ಚಿಕೊಂಡಿದ್ದರೆ ಸಾಮ್ರಾಜ್ಯ ಉಳಿಯುತ್ತಿತ್ತು. ಆದರೆ ಅಜ್ಜಿಯ ಕೈ ಇನ್ನೂ ಅವರ ಕೈಯಲ್ಲೇ ಇತ್ತು.

“ಸಾರ್, ಅಜ್ಜಿ ಹೊಗಳ್ತಿಲ್ಲ, ದೂರು ಹೇಳ್ತಿದ್ದಾರೆ,” ಎಂದರು ತಲೆ ತಗ್ಗಿಸಿ. “ಇಬ್ಬರಿಗೂ ಏಳೋಕಾಗ್ತಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ನಾನೇ ಕೂರಿಸಿದೆ.”

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಹೆಂಡತಿ! ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಊರುಗೋಲು.

“ಮಹಾಪ್ರಭು, ರಾಜದಂಡ ಚಪ್ಪಲಿ ಗೂಡಿನ ಹಿಂದೆ ಬಿಟ್ಟು ಬಂದಿದ್ದೀರಿ!”

ಕೋಲು ಮೊದಲು ಅಜ್ಜಿಯ ಕೈ ಸೇರಿತು. ಒಂದು ಕಡೆ ಕೋಲು ಊರಿ, ಇನ್ನೊಂದು ಕಡೆ ಯಜಮಾನರ ಭುಜ ಹಿಡಿದು, ಅಜ್ಜಿ ಎದ್ದು ನಿಂತರು. ಹೆಂಡತಿ ಗಂಡನ ಕಡೆ ತಿರುಗಿದಳು.

“ಬೆಳಿಗ್ಗೆ ಏನೋ ಹೇಳಿದ್ರಲ್ಲ, ಯಾರೂ ಕೈ ಕೊಡಬೇಕಾಗಿಲ್ಲ ಅಂತ?”

“ಹೇಳಿದ್ದೆ.”

“ಈಗ?”

“ಎರಡೂ ಕೈ ಕೊಡೇ.”

ಅಂತೂ ಸಾರ್ವಭೌಮರು ಸಿಂಹಾಸನ ಇಳಿದರು. ಅಲ್ಲಲ್ಲ, ಎದ್ದರು! ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿ ನೋಡಿ, “ಸರಿ, ಬಿಲ್ ಹಾಕಿ,” ಎಂದರು.

ಯಜಮಾನರ ಮುಖ ಅರಳಿತು. “ಸೋಫಾಕ್ಕಾ ಅಜ್ಜಿ?”

“ಈ ಕೋಲಿಗೆ!”

ಯಜಮಾನರು ಸಾರ್ವಭೌಮರನ್ನೊಮ್ಮೆ ನೋಡಿದರು, ಬಿಲ್ ಕೌಂಟರನ್ನೊಮ್ಮೆ ನೋಡಿದರು.

ಸಾರ್ವಭೌಮರು ಹೆಂಡತಿಯ ಭುಜ ಹಿಡಿದು ಆ ಕಡೆಗೆ ಹೆಜ್ಜೆ ಹಾಕಿದರು. ಅರ್ಧ ದಾರಿಯಲ್ಲಿ ನಿಂತು, ದನಿ ತಗ್ಗಿಸಿ ಕೇಳಿದರು:

“ಆ ಕುರ್ಚಿ... ಚೆನ್ನಾಗಿ ಎತ್ತರ ಇದೆ ತಾನೇ ಸಾರ್?”